ಎಕ್ಸ್‌ಪೊಸಿತೊನನ್ನು ಕೇಳಿಕೊಂಡು ಬಂದವಳು

ನಮ್ಮ ಸೆರಾಲ್ಬಾದಲ್ಲಿ ಒಬ್ಬೊಬ್ಬರಿಗೂ ಎರಡೆರಡು ಮನೆತನದ ಹೆಸರು. ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಒಲೆಯ ಮೇಲೆ ಇಡಲು ಏನೂ ಇಲ್ಲದವನಿಗೂ ಈ ಎರಡಕ್ಕೆ ಕೊರತೆಯಿಲ್ಲ. ಜಗಳಕ್ಕೆ ನಿಂತರೆ ಸಾಕು, ಎದೆ ಸೆಟೆಸಿ ಎರಡನ್ನೂ ಒಟ್ಟಿಗೆ ಹೇಳಿಕೊಳ್ಳುತ್ತೇವೆ. ಚಾಪೆ ಹೆಣೆಯುವ ತೆಲೆಸ್ಫೊರೊಗೆ ಮಾತ್ರ ಇದ್ದದ್ದು ಒಂದೇ ಒಂದು, ಎಕ್ಸ್‌ಪೊಸಿತೊ. ಅದು ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ.

ಅದರ ಅರ್ಥ ಅವನಿಗೆ ತಿಳಿದದ್ದು ಶಾಲೆಯಲ್ಲಿ. ಹುಡುಗರು ಆ ಹೆಸರು ಹಿಡಿದು ಕೂಗಿ ನಗುತ್ತಿದ್ದರು. ನಗುವಂಥದ್ದು ಅದರಲ್ಲಿ ಏನಿದೆ ಎಂದು ಇವನಿಗೆ ಗೊತ್ತಿರಲಿಲ್ಲ. ಒಂದು ದಿನ ಹೋಗಿ ಪಾದ್ರಿ ದೊನ್ ಕೊಸ್ಮೆಯವರನ್ನೇ ಕೇಳಿದ.

"ಅದು ಲ್ಯಾಟಿನ್ನಿಂದ ಬಂದ ಮಾತು ಮಗು. ಹೊರಗೆ ಇಟ್ಟದ್ದು ಅಂತ ಅರ್ಥ."

"ಏನನ್ನ ಹೊರಗೆ ಇಟ್ಟದ್ದು ಸ್ವಾಮಿ?"

ದೊನ್ ಕೊಸ್ಮೆ ಕೆಟ್ಟವರಲ್ಲ, ಆದರೆ ಸುಳ್ಳು ಹೇಳಲು ಬಾರದ ಮನುಷ್ಯ. "ನಿನ್ನನ್ನ ಕಣಪ್ಪಾ," ಎಂದು ಹೇಳಿ ಅವನ ಜೇಬಿಗೆ ಒಂದು ಹಿಡಿ ಬಾದಾಮಿ ಸುರಿದರು. ಆಮೇಲೆ ಬದುಕಿದ್ದಷ್ಟು ದಿನ ತೆಲೆಸ್ಫೊರೊ ಬಾದಾಮಿ ತಿನ್ನಲಿಲ್ಲ.

ಹಾಯೆನ್ ಪಟ್ಟಣದಲ್ಲಿ ಅನಾಥ ಕೂಸುಗಳ ಮನೆಯೊಂದಿತ್ತು. ಅದರ ಗೋಡೆಯಲ್ಲಿ ತಿರುಗುವ ಒಂದು ಮರದ ಪೀಪಾಯಿ, ಅದಕ್ಕೆ ಬೀದಿಯ ಕಡೆಗೆ ಬಾಯಿ. ಕೂಸನ್ನು ಅದರೊಳಗೆ ಮಲಗಿಸಿ, ಗಂಟೆ ಹೊಡೆದು, ಪೀಪಾಯಿಯನ್ನು ತಿರುಗಿಸಿದರೆ ಕೂಸು ಒಳಗೆ ಹೋಗುತ್ತಿತ್ತು, ಇಟ್ಟ ಕೈ ಹೊರಗೇ ಉಳಿಯುತ್ತಿತ್ತು. ಒಳಗಿದ್ದ ಸನ್ಯಾಸಿನಿಗೆ ಹೊರಗಿದ್ದವಳ ಮುಖ ಕಾಣದು, ಹೊರಗಿದ್ದವಳಿಗೆ ಒಳಗಿನದು ಕಾಣದು. ಹೀಗೆ ಬಂದ ಕೂಸಿಗೆ ಆ ದಿನ ಯಾವ ಸಂತನ ಹಬ್ಬವೋ ಆ ಸಂತನ ಹೆಸರು, ಅದರ ಹಿಂದೆ ಎಲ್ಲಕ್ಕೂ ಒಂದೇ ಅಚ್ಚಿನ ಎಕ್ಸ್‌ಪೊಸಿತೊ. ತಲೆಮಾರುಗಟ್ಟಲೆ ಹೀಗೆ ನಡೆದು ನಮ್ಮ ಆಲಿವ್ ಸೀಮೆಯ ತುಂಬ ಒಂದೇ ಮನೆತನದ ಹೆಸರಿನ, ಒಂದು ತೊಟ್ಟೂ ಸಂಬಂಧವಿಲ್ಲದ ಜನ ಹರಡಿಕೊಂಡಿದ್ದಾರೆ. ಸಂತೆಯಲ್ಲಿ ಇಬ್ಬರು ಎಕ್ಸ್‌ಪೊಸಿತೊಗಳು ಎದುರಾದರೆ "ಏನಪ್ಪಾ ದಾಯಾದಿ, ಚೆನ್ನಾಗಿದೀಯಾ?" ಎಂದು ಮಾತಾಡಿಸಿಕೊಳ್ಳುತ್ತಿದ್ದರು. ಹಂಚಿಕೊಳ್ಳಲು ಆಸ್ತಿಯಿಲ್ಲದ ದಾಯಾದಿಗಳು, ಆದ್ದರಿಂದ ಜಗಳವೂ ಇರಲಿಲ್ಲ.

ತೆಲೆಸ್ಫೊರೊನ ಮೊದಲ ಹೆಸರು ಮಾತ್ರ ಪಂಚಾಂಗ ನೋಡಿ ಇಟ್ಟದ್ದಲ್ಲ. ಪೀಪಾಯಿ ತಿರುಗುವ ಮೊದಲು ಒಳಗಿನ ಸನ್ಯಾಸಿನಿ ರೂಢಿಯಂತೆ, "ಜ್ಞಾನಸ್ನಾನ ಆಗಿದೆಯಾ?" ಎಂದು ಕೇಳಿದಳಂತೆ. ಹೊರಗಿನಿಂದ ಒಂದು ಹುಡುಗಿಯ ದನಿ, "ಆಗಿದೆ. ತೆಲೆಸ್ಫೊರೊ," ಎಂದಿತಂತೆ. ತಾಯಿ ಅವನ ಬಗ್ಗೆ ಆಡಿದ ಮಾತು ಅಷ್ಟೇ. ಕೂಸಿನ ಬಟ್ಟೆಯೊಳಗೆ ಅರ್ಧಕ್ಕೆ ಹರಿದ ಒಂದು ಇಸ್ಪೀಟೆಲೆ ಇತ್ತು. ನಮ್ಮ ಕಡೆಯ ಇಸ್ಪೀಟಿನಲ್ಲಿ ಬಟ್ಟಲೂ ಒಂದು ಬಣ್ಣ, ಅದು ನಾಲ್ಕು ಬಟ್ಟಲು ಬರೆದ ಎಲೆ. ಇವನ ಪಾಲಿಗೆ ಬಂದದ್ದು ಎರಡು ಬಟ್ಟಲು, ಉಳಿದೆರಡು ಆ ದನಿಯ ಜೊತೆ ಹೋಗಿದ್ದವು. ಮುಂದೆಂದಾದರೂ ಬಂದು ನನ್ನದನ್ನು ನಾನು ಒಯ್ಯುತ್ತೇನೆ ಎನ್ನುವ ತಾಯಂದಿರು ಹೀಗೆ ಗುರುತು ಇಡುತ್ತಿದ್ದರು. ಇಟ್ಟವರು ಬಹಳ, ಬಂದವರು ಕಡಿಮೆ.

ಅವನನ್ನು ಹಾಲು ಕುಡಿಸಲೆಂದು ಸೆರಾಲ್ಬಾಕ್ಕೆ ತಂದವಳು ಬ್ರಿಹಿದಾ ಕೊಬೊ. ಅವಳ ಹೆತ್ತ ಕೂಸು ತೀರಿಹೋಗಿತ್ತು, ಎದೆಯಲ್ಲಿ ಹಾಲು ಉಳಿದಿತ್ತು. ಮಗು ದೊಡ್ಡದಾದ ಮೇಲೆ ಅನಾಥಾಲಯಕ್ಕೆ ಮರಳಿಸಬೇಕೆಂಬುದು ಕರಾರು. ಕರೆದೊಯ್ಯಲು ಜನ ಬಂದಾಗ ಬ್ರಿಹಿದಾ ಆಲಿವ್ ಉದುರಿಸುವ ಗಳ ಹಿಡಿದು ಹೊಸ್ತಿಲಲ್ಲಿ ನಿಂತಳು. ಅವರು ಗಳವನ್ನೂ ಅವಳ ಮುಖವನ್ನೂ ನೋಡಿ ಬಂದ ದಾರಿ ಹಿಡಿದರು. ಇವನಿಗೆ ಬುದ್ಧಿ ಬಂದ ಮೇಲೆ ಅವಳೇ ಆ ಅರ್ಧ ಎಲೆಯನ್ನು ತೊಗಲಿನ ಚೀಲದಲ್ಲಿ ಹೊಲಿದು ಕೊರಳಿಗೆ ಹಾಕಿದಳು.

"ಯಾರಿಗೂ ತೋರಿಸಬೇಡ ಮಗನೇ. ಕಂಡೋರ ಕೈಗೆಲ್ಲ ಕೊಟ್ರೆ ಹರಿದ ಅಂಚು ಸವೆದುಹೋಗತ್ತೆ. ಆಮೇಲೆ ಅವಳು ಬಂದಾಗ ಇನ್ನರ್ಧಕ್ಕೆ ಹೊಂದೋದು ಹೇಗೆ?"

"ಅವಳು ಬಂದ್ರೆ ನಿಂಗೆ ಬೇಜಾರಾಗಲ್ವಾ ಅಮ್ಮ?"

"ಆಗತ್ತೆ. ಅದಕ್ಕೇನೀಗ? ಮೊದ್ಲು ಅವಳಿಗೆ ಊಟಕ್ಕೆ ಹಾಕ್ತೀನಿ, ಆಮೇಲೆ ಬೇಜಾರು ಮಾಡ್ಕೋತೀನಿ."

ಬ್ರಿಹಿದಾ ಸತ್ತಾಗ ಅವನು ಅತ್ತ ಅಳುವಿಗೆ ಹೆತ್ತ ಮಕ್ಕಳು ನಾಚಬೇಕಿತ್ತು. ಆದರೂ ಚೀಲ ಕೊರಳಿನಿಂದ ಇಳಿಯಲಿಲ್ಲ.

ಕಸುಬಿಗೆ ಅವನು ಹಿಡಿದದ್ದು ಹುಲ್ಲಿನ ಕೆಲಸ. ಗುಡ್ಡದ ಗಡಸು ಹುಲ್ಲು ಕೊಯ್ದು, ನೆನೆಸಿ, ಜಜ್ಜಿ, ಎಣ್ಣೆ ಗಾಣಕ್ಕೆ ಬೇಕಾದ ದುಂಡು ಚಾಪೆ ಹೆಣೆಯುತ್ತಿದ್ದ. ಅರೆದ ಆಲಿವನ್ನು ಇಂಥ ಚಾಪೆಗಳ ನಡುವೆ ಹರಡಿ ಒತ್ತಿದರೆ ಎಣ್ಣೆ ಇಳಿಯುತ್ತದೆ. ಹೆಣಿಗೆ ಶುರುವಾಗುವುದು ನಟ್ಟನಡುವಿನ ಒಂದು ತೂತಿನಿಂದ. ಕಸುಬಿನವರು ಅದಕ್ಕೆ ಹೊಕ್ಕುಳು ಎನ್ನುತ್ತಾರೆ. ಬಾಗಿಲ ಪಕ್ಕದಲ್ಲಿ ಒಂದು ಗಿಡ್ಡ ಪೀಠ ಹಾಕಿಕೊಂಡು, ಬೀದಿಯ ಕಡೆ ಮುಖ ಮಾಡಿ ಹೆಣೆಯುವುದು ಅವನ ಪದ್ಧತಿ. ಉಳಿದ ಹೆಣಿಗೆಯವರು ಬೆಳಕು ಇರುವ ಹಿತ್ತಿಲಲ್ಲಿ ಕೂರುತ್ತಿದ್ದರು. ಇವನು ಯಾಕೆ ಬೀದಿಗೇ ಕೂರುತ್ತಾನೆ ಎಂದು ಯಾರೂ ಕೇಳಲಿಲ್ಲ.

ಎದುರು ಮನೆಯ ತೊಮಾಸಾ ಅವನಿಗಿಂತ ಕೆಲವು ವರ್ಷ ದೊಡ್ಡವಳು. ಅವಳ ತಾಯಿ ಊರಿನ ಸೂಲಗಿತ್ತಿ. ಶಾಲೆಯ ಹುಡುಗರು ಇವನ ಹೆಸರು ಹಿಡಿದು ಕುಣಿದಾಗ ಕಲ್ಲು ಬೀಸಿ ಒಬ್ಬನ ಹಲ್ಲು ಉದುರಿಸಿದವಳು ಈ ತೊಮಾಸಾಳೇ. ಬಾಯಿ ಜೋರು, ಮನಸ್ಸು ಬೆಣ್ಣೆ. ಊರಿನ ಯಾವ ಸುದ್ದಿಯೂ ಅವಳ ಬಾಯಲ್ಲಿ ಒಂದು ಸುತ್ತು ಹಾಕದೆ ಮುಂದಕ್ಕೆ ಹೋಗುತ್ತಿರಲಿಲ್ಲ.

ತೆಲೆಸ್ಫೊರೊ ರುಫಿನಾಳನ್ನು ಮದುವೆಯಾದ. ಒಬ್ಬಳು ಮಗಳು ಹುಟ್ಟಿದಳು, ಲೆಯೊಕಾದಿಯಾ. ಅವಳಿನ್ನೂ ಚಿಕ್ಕವಳಿದ್ದಾಗ ಸರ್ಕಾರ ಒಂದು ಕಾನೂನು ಮಾಡಿತು. ಎಕ್ಸ್‌ಪೊಸಿತೊ ಎನ್ನುವ ಹೆಸರು ಬೇಡವಾದವರು ಅದನ್ನು ಬಿಟ್ಟು ಬೇರೆ ಬರೆಸಿಕೊಳ್ಳಬಹುದು. ಸುತ್ತಮುತ್ತಲಿನ ದಾಯಾದಿಗಳೆಲ್ಲ ಹೊಸ ಅಂಗಿ ಹಂಚುತ್ತಿದ್ದಾರೆ ಎನ್ನುವ ಹಾಗೆ ಓಡಿದರು. ಗಾಡಿ ಹೊಡೆಯುವ ಒಬ್ಬ ಮಹಾನುಭಾವ ನೇರವಾಗಿ 'ರಾಜ' ಎನ್ನುವ ಅರ್ಥದ ಹೆಸರನ್ನೇ ಬರೆಸಿಕೊಂಡು ಬಂದ. ಅವನ ಹೇಸರಗತ್ತೆಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ, ಮೊದಲಿನ ಹಾಗೆಯೇ ಒದೆಯುತ್ತಿತ್ತು.

"ನೀವೂ ಹೋಗಿ ಬನ್ನಿ," ಎಂದಳು ರುಫಿನಾ. "ಹಾಲು ಕುಡಿಸಿದವಳ ಹೆಸರು ಬರೆಸ್ಕೊಳ್ಳಿ. ಕೊಬೊ. ಎಷ್ಟು ಚೆನ್ನಾಗಿದೆ."

"ಚೆನ್ನಾಗಿದೆ ಕಣೇ. ಆದ್ರೆ ನನ್ನ ಹೆತ್ತವಳಿಗೆ ಗೊತ್ತಿರೋದು ಎರಡೇ ಮಾತು. ಒಂದು ಅವಳೇ ಇಟ್ಟಿದ್ದು. ಇನ್ನೊಂದು, ಆ ಮನೇಲಿ ಬಿಟ್ಟ ಕೂಸಿಗೆ ಏನು ಹೆಸರು ಅಂಟತ್ತೆ ಅನ್ನೋದು. ಅದನ್ನ ನಾನೇ ಅಳಿಸಿಬಿಟ್ರೆ ಅವಳು ಏನಂತ ಕೇಳ್ಕೊಂಡು ಬರ್ತಾಳೆ ಹೇಳು?"

ರುಫಿನಾ ಮತ್ತೆ ಆ ಮಾತು ಎತ್ತಲಿಲ್ಲ. ಜ್ವರದಲ್ಲಿ ಸಾಯುವಾಗ ಮಗಳನ್ನು ಕರೆದು, "ನಿಮ್ಮಪ್ಪ ಯಾಕೆ ಆ ಹೆಸರು ಬಿಡಲ್ಲ ಗೊತ್ತಾ?" ಎಂದು ಕೇಳಿ, ಕಾರಣ ಹೇಳಿ ಹೋದಳು. ಹೀಗೆ ಆ ಗುಟ್ಟು ಮಗಳಿಗೆ ತಿಳಿಯಿತು. ಕೊರಳ ಚೀಲದಲ್ಲಿ ಏನಿದೆ ಎಂಬುದು ಅವಳಿಗೂ ತಿಳಿಯದು, ಎದುರು ಮನೆಯ ತೊಮಾಸಾಗೂ ತಿಳಿಯದು. ಯಾವುದೋ ಸಂತನ ತಾಯಿತ ಇರಬೇಕು ಎಂದುಕೊಂಡಿದ್ದರು.

ಲೆಯೊಕಾದಿಯಾ ಬೆಳೆದು, ಬಿಲ್ಯಾರ್ಗೊ ಊರಿನ ಗಾಣದ ಮನೆಯ ಹೆನಾರೊನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು. ಅವನ ತಾಯಿ ದೋನ್ಯಾ ಅಮಾಲಿಯಾ ಮಾತ್ರ ಕುಲದ ಹುಚ್ಚಿನ ಹೆಂಗಸು. ಹುಟ್ಟುವ ಮೊಮ್ಮಕ್ಕಳ ಎರಡನೆಯ ಹೆಸರು ಸೊಸೆಯ ತವರಿನಿಂದ ಬರಬೇಕು. ಗಾಣದ ಮನೆಯ ಕುಡಿಗಳ ಬೆನ್ನಿಗೆ 'ಹೊರಗೆ ಇಟ್ಟದ್ದು' ಎಂದು ಬರೆಯುವುದನ್ನು ಅವಳು ಉಸಿರಿರುವ ತನಕ ಒಪ್ಪುವವಳಲ್ಲ. ಹೆನಾರೊ ಕದ್ದು ಬಂದು ಹೇಳಿದ, "ಅಮ್ಮನಿಗೆ ಇನ್ನೂ ಗೊತ್ತಿಲ್ಲ ಮಾವ. ಆದ್ರೆ ಮದುವೆ ಮೊದ್ಲು ಒಬ್ಬಳನ್ನ ಕಳಿಸ್ತಾಳೆ, ವಿಚಾರಿಸೋಕೆ."

ಕಳಿಸದೆ ಬಿಡುವ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ನಿಶ್ಚಯವಾದ ಮೇಲೆ ಗುರುತಿಲ್ಲದ ಒಬ್ಬ ಮುದುಕಿ ಬರುತ್ತಾಳೆ. ಸೂಜಿ ಮಾರುತ್ತಾಳೆ, ಇಲ್ಲವೇ ಬಾಯಾರಿಕೆ ಎನ್ನುತ್ತಾಳೆ. ಬಾಗಿಲಲ್ಲಿ ಕೂತು ಊರ ಕಷ್ಟಸುಖ ಮಾತಾಡುತ್ತಾ, ಆ ಮನೆಯವರು ಹೇಗೆ, ಅವರ ಹಿರಿಯರು ಯಾರು ಎಂದು ಮೆಲ್ಲಗೆ ಕೆದಕುತ್ತಾಳೆ. ಅವಳು ಹೊತ್ತು ಹೋದ ಸುದ್ದಿಯಿಂದ ಎಷ್ಟು ಮದುವೆ ಮುರಿದಿವೆಯೋ ದೇವರಿಗೇ ಗೊತ್ತು.

"ಅಪ್ಪ, ನಿನ್ನ ಹೆತ್ತವಳು ಬರೋಳಾಗಿದ್ರೆ ಇಷ್ಟು ಹೊತ್ತಿಗೆ ಬಂದಿರ್ತಿದ್ಲು," ಎಂದಳು ಮಗಳು.

ತೆಲೆಸ್ಫೊರೊ ಹುಲ್ಲು ಜಜ್ಜುತ್ತಲೇ ಇದ್ದ.

"ಅವಳು ಸತ್ತೇಹೋಗಿರಬೇಕು. ಇಲ್ದೇ ಇರೋ ಅಮ್ಮನಿಗೋಸ್ಕರ ಇರೋ ಮಗಳನ್ನ ಬಿಟ್ಟುಕೊಡ್ತೀಯಾ?"

ಹಾಗೆಂದು ಅವಳೇ ಬಿಕ್ಕಿ ಬಿಕ್ಕಿ ಅತ್ತಳು. ತೆಲೆಸ್ಫೊರೊ ಕೊಡತಿ ಕೆಳಗಿಟ್ಟ. ಮಾರನೆಯ ದಿನ ಮಸಿಬಣ್ಣದ ಕೋಟು ಹಾಕಿಕೊಂಡು ಪಟ್ಟಣದ ಕಚೇರಿಗೆ ಹೋಗಿ ತೆಲೆಸ್ಫೊರೊ ಕೊಬೊ ಆಗಿ ಮರಳಿದ. ದಾರಿಯಲ್ಲಿ ಹೊಸ ಹೆಸರನ್ನು ಬಾಯಲ್ಲಿ ಹೇಳಿಕೊಂಡು ನೋಡಿದ. ಬ್ರಿಹಿದಾ ನೆನಪಾಗಿ ಒಂದು ಗಳಿಗೆ ಹಿತವೆನಿಸಿತು. ಊರು ಕಣ್ಣಿಗೆ ಬಿದ್ದಾಗ ಮಾತ್ರ ಕಾಲು ಎಳೆಯತೊಡಗಿತು. ಯಾರನ್ನೋ ಬೀದಿಯಲ್ಲಿ ಬಿಟ್ಟು ತಾನೊಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ ಅನಿಸಿತು.

ಉಳಿದದ್ದು ಊರಿನ ಬಾಯಿ. ಅದಕ್ಕೆ ಬೀಗ ಹಾಕಿದವಳು ತೊಮಾಸಾ. ಬಟ್ಟೆ ಒಗೆಯುವ ಕೊಳದ ಕಟ್ಟೆಯ ಮೇಲೆ ನಿಂತು, ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿ ಸಾರಿದಳು.

"ಎಲ್ರೂ ಕೇಳಿಸ್ಕೊಳ್ರೇ! ಇವತ್ತಿಂದ ತೆಲೆಸ್ಫೊರೊ ಬ್ರಿಹಿದಮ್ಮನ ಹೊಟ್ಟೇಲೇ ಹುಟ್ಟಿದವನು. ಹೊಕ್ಕುಳಬಳ್ಳಿ ಕುಯ್ದಿದ್ದು ನಮ್ಮಮ್ಮ. ಯಾವಳಾದ್ರೂ ಬಾಯಿ ತಪ್ಪಿ ಆ ಇನ್ನೊಂದು ಹೆಸರು ಎತ್ತಿದ್ರೆ, ಆ ಬಾಯಿಗೆ ಈ ಒದ್ದೆ ಬಟ್ಟೆ ತುರುಕ್ತೀನಿ."

ಯಾವ ಗುಟ್ಟನ್ನೂ ಒಂದು ಊಟದಿಂದ ಇನ್ನೊಂದು ಊಟದವರೆಗೆ ಇಟ್ಟುಕೊಳ್ಳಲಾರದ ನಮ್ಮೂರು, ಆ ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಹಾಕಿಕೊಂಡಿತು. ಅದನ್ನು ನೆನೆದರೆ ನಮ್ಮ ಮೇಲೆ ನಮಗೇ ಹೆಮ್ಮೆಯಾಗಬೇಕು. ಆಗುವುದಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಬೀಗರು ಗಾಡಿಗಳಲ್ಲಿ ಬಂದರು. ಕುರಿಮರಿ ಸಾರು, ಜೇನಿನಲ್ಲಿ ಅದ್ದಿದ ಕರಿದ ತಿಂಡಿ, ಸೋಂಪಿನ ಸಾರಾಯಿ. ದೋನ್ಯಾ ಅಮಾಲಿಯಾ ಎಲ್ಲರೆದುರು "ಕೊಬೊ ಮನೆತನದವರೇ" ಎಂದು ತೆಲೆಸ್ಫೊರೊನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಗಿಟಾರು ಶುರುವಾದಾಗ ತೊಮಾಸಾ ಬಂದು ಅವನ ತೋಳು ಹಿಡಿದು ಬಾವಿಯ ಹತ್ತಿರ ಎಳೆದೊಯ್ದಳು. ನಗು ತಡೆಯಲಾರದೆ ಅವಳ ಹೊಟ್ಟೆ ಕುಲುಕುತ್ತಿತ್ತು.

"ಹೇಳ್ದೆ ಇದ್ರೆ ನಾನು ಒಡೆದು ಸಾಯ್ತೀನಿ ಕಣೋ. ನಿಮ್ಮ ಬೀಗಿತಿ ಕಳಿಸಿದ ಗೂಢಚಾರಿಣಿನ ಹೇಗೆ ಅಟ್ಟಿದೆ ಗೊತ್ತಾ?"

"ಯಾವಾಗ ಬಂದಿದ್ಲು?"

"ಮದುವೆಗೆ ಮುಂಚೆ, ನೀನು ಹುಲ್ಲು ಕೊಯ್ಯೋಕೆ ಗುಡ್ಡಕ್ಕೆ ಹೋಗಿದ್ಯಲ್ಲ, ಆವತ್ತು. ಮುದುಕಿ. ಬೂದಿ ಬಣ್ಣದ ಶಾಲು, ಕಾಲಲ್ಲಿ ಗಂಡಸಿನ ಬೂಟು. ಸೀದಾ ಬಂದು ನಿನ್ನ ಪೀಠದ ಮೇಲೇ ಕೂತ್ಕೊಂಡ್ಲು. ತೆಲೆಸ್ಫೊರೊ ಎಕ್ಸ್‌ಪೊಸಿತೊ ಅನ್ನೋರ ಮನೆ ಇದೇನಾ ಅಂದ್ಲು! ನೋಡು, ಹಳೇ ಹೆಸರು ಎಲ್ಲಿಂದ ಹೆಕ್ಕಿದ್ಲೋ. ನಾನು ಬಿಡ್ತೀನಾ? ಈ ಊರಲ್ಲಿ ಎಕ್ಸ್‌ಪೊಸಿತೊ ಅನ್ನೋ ನಾಯೀನೂ ಇಲ್ಲಮ್ಮಾ, ಇಲ್ಲಿರೋ ತೆಲೆಸ್ಫೊರೊ ಕೊಬೊ ಮನೆಯೋನು, ಹೆತ್ತ ತಾಯಿ ಬ್ರಿಹಿದಾ, ಹೆರಿಗೆ ಮಾಡಿಸಿದ್ದು ನಮ್ಮಮ್ಮ, ಆಗ ನಾನು ದೀಪ ಹಿಡಿದು ನಿಂತಿದ್ದೆ ಅಂದೆ. ದೀಪ ಹಿಡಿದಿದ್ದೆ ಅಂತ! ನನ್ನ ತಲೆ ನೋಡು!"

ತೆಲೆಸ್ಫೊರೊ ಬಾವಿಯ ಕಟ್ಟೆಯ ಮೇಲೆ ಕೈ ಇಟ್ಟ. "ಆಮೇಲೆ?"

"ಆಮೇಲೇನು, ನೀರು ಕೇಳಿದ್ಲು, ಕೊಟ್ಟೆ. ನೀನು ಅರ್ಧ ಹೆಣೆದಿಟ್ಟಿದ್ದ ಚಾಪೆ ಮೇಲೆ ಕೈಯಾಡಿಸ್ತಾ ಕೂತಿದ್ಲು. ಹೊರಡೋ ಮುಂಚೆ ಗಂಟಿಂದ ಒಂದು ಹರಕಲು ಇಸ್ಪೀಟೆಲೆ ತೆಗೆದು ನನ್ನ ಮುಂದೆ ಹಿಡಿದ್ಲು ಮಾರಾಯಾ! ಶಾಸ್ತ್ರ ಹೇಳೋಳ ವೇಷ! ನಮ್ಮ ಕೈಗೆ ಶಾಸ್ತ್ರ ಬೇಡ ತಾಯಿ, ಮುಂದಕ್ಕೆ ಹೋಗು ಅಂದೆ."

"ಎಲೇಲಿ ಏನಿತ್ತು?"

"ಎಂಥದ್ದೋ. ಎರಡು ಬಟ್ಟಲು."

ಅವನ ಎದೆ ಅಲ್ಲೇ ಒಡೆದುಹೋಯಿತು. ಅಂಗಿಯೊಳಗೆ ತೊಗಲಿನ ಚೀಲ ಎದೆಗೆ ಅಂಟಿಕೊಂಡಿತ್ತು. ಎದುರಿಗೆ ತೊಮಾಸಾಳ ಕೆಂಪು ಮುಖ, ಭೇಷ್ ಎನ್ನಿಸಿಕೊಳ್ಳಲು ಕಾಯುತ್ತಿರುವ ಆ ನಗು. ಇದೇ ಹೆಂಗಸು ಅವನಿಗಾಗಿ ಕಲ್ಲು ಎತ್ತಿದ್ದಳು. ಈ ಸಲವೂ ಎತ್ತಿದ್ದು ಅವನಿಗಾಗಿಯೇ. ಅಷ್ಟರಲ್ಲಿ ಒಳಗಿನಿಂದ "ಅಪ್ಪಾ, ನನ್ನ ಜೊತೆ ಕುಣಿಯೋಕೆ ಬಾ!" ಎಂದು ಮಗಳು ಕೂಗಿದಳು.

"ಒಳ್ಳೇ ಕೆಲಸ ಮಾಡ್ದೆ ತೊಮಾಸಕ್ಕ," ಎಂದ ತೆಲೆಸ್ಫೊರೊ. ಒಳಗೆ ಹೋಗಿ ಮಗಳ ಜೊತೆ ಕುಣಿದ. ಕುಣಿತದ ನಡುವೆ ಅವನ ಮುಖ ತೊಯ್ದದ್ದನ್ನು ಕಂಡು ಬೀಗರು, ಹೆಣ್ಣು ಹೆತ್ತವರ ಕರುಳು ಎಂದು ತಲೆಯಾಡಿಸಿದರು.

ಬೆಳಗಾಗುತ್ತಲೇ ರೈಲು ನಿಲ್ದಾಣಕ್ಕೆ ಓಡಿದ. ಆಲಿವ್ ಕೊಯ್ಲಿಗೆ ಬರುವ ಹೋಗುವ ನೂರಾರು ಮುದುಕಿಯರಲ್ಲಿ ಗಂಡಸಿನ ಬೂಟಿನವಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆ ಚಳಿಗಾಲವೆಲ್ಲ ಹೇಸರಗತ್ತೆಯ ಮೇಲೆ ಚಾಪೆ ಹೇರಿಕೊಂಡು ಊರೂರು ಸುತ್ತಿದ. ಜನ ಮಾರಾಟ ಎಂದುಕೊಂಡರು. ಅವನು ಪ್ರತಿ ಬಾವಿಕಟ್ಟೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದ. ಸೆರಾಲ್ಬಾಕ್ಕಿಂತ ಮೇಲಿನ ಊರುಗಳಲ್ಲಿ ಉತ್ತರ ಸಿಕ್ಕಿತು. "ಹೌದಪ್ಪಾ, ಬಂದಿದ್ಲು. ಪ್ರತಿ ಮನೆ ಬಾಗಿಲಲ್ಲೂ ಕೇಳಿದ್ಲು ಪಾಪ. ತೆಲೆಸ್ಫೊರೊ ಎಕ್ಸ್‌ಪೊಸಿತೊ ಅಂತ. ಇಲ್ಲ ಅಂದ್ವಿ, ಮುಂದಿನ ಊರಿಗೆ ಹೋದ್ಲು." ಊರಿಂದೂರಿಗೆ ಹೀಗೆಯೇ ಬಂದಿದ್ದಳು. ಸೆರಾಲ್ಬಾದಿಂದ ಕೆಳಗೆ ಮಾತ್ರ ಯಾವ ಊರಲ್ಲೂ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ತೊಮಾಸಾಳ ಮಾತಿಗೆ ಅವಳ ಆಸೆ ಸತ್ತುಹೋಯಿತು, ಸೋತು ಮನೆಗೆ ನಡೆದಳು ಎಂದುಕೊಂಡ ತೆಲೆಸ್ಫೊರೊ. ಆ ಮನೆ ಎಲ್ಲಿ ಎನ್ನುವುದಕ್ಕೆ ಹೆಸರಿಲ್ಲ, ಊರಿಲ್ಲ. ಅವಳ ಬಳಿ ಇವನನ್ನು ಹುಡುಕಲು ಎರಡು ಮಾತಾದರೂ ಇದ್ದವು, ಇವನ ಬಳಿ ಒಂದೂ ಇರಲಿಲ್ಲ.

ತೊಮಾಸಾಗೆ ಅವನು ಹೇಳಲಿಲ್ಲ. ಮೊದಮೊದಲು ಸಿಟ್ಟಿಗೆ ಹೇಳಿಬಿಡಬೇಕು ಎನಿಸುತ್ತಿತ್ತು. ಬೀದಿ ದಾಟಿ, ಅವಳ ಬಾಗಿಲ ತನಕ ಹೋಗಿ, ಉಪ್ಪು ಕೇಳಿಕೊಂಡು ಮರಳುತ್ತಿದ್ದ. ಅವನ ಮನೆಯಲ್ಲಿ ಬೇಡದ ಉಪ್ಪು ರಾಶಿ ಬಿತ್ತು. ಆಮೇಲೆ ಯುದ್ಧ ಬಂತು. ಒಂದೇ ಬೀದಿಯವರು ಒಬ್ಬರನ್ನೊಬ್ಬರು ಕೊಂದುಕೊಂಡ ಕಾಲ ಅದು. ತೊಮಾಸಾಳ ಒಬ್ಬನೇ ಮಗ ಹೋದವನು ಮರಳಲಿಲ್ಲ, ಯಾವ ಹೊಂಡದಲ್ಲಿ ಹೂತರೆಂದೂ ತಿಳಿಯಲಿಲ್ಲ. ಅಂಥವಳಿಗೆ, ನೀನು ಒಬ್ಬ ತಾಯಿಯನ್ನು ಮಗನ ಹೊಸ್ತಿಲಿಂದ ಅಟ್ಟಿದೆ ಎಂದು ಯಾವ ಬಾಯಿಂದ ಹೇಳುವುದು?

ಆದರೆ ತೊಮಾಸಾ ಆ ಕತೆ ಬಿಡಲಿಲ್ಲ. ಪ್ರತಿ ವರ್ಷ ಹಂದಿ ಕೊಯ್ಯುವ ದಿನ ಬೀದಿಯವರೆಲ್ಲ ಸೇರಿ ಮಾಂಸ ಕೊಚ್ಚಿ ಕರುಳಿಗೆ ತುಂಬುವಾಗ, "ತೊಮಾಸಕ್ಕ, ಆ ಗೂಢಚಾರಿಣಿ ಕತೆ!" ಎಂದು ಯಾರಾದರೂ ಕೂಗುತ್ತಿದ್ದರು. ಹೆಚ್ಚಿನ ಸಲ ಕೂಗುತ್ತಿದ್ದವನು ತೆಲೆಸ್ಫೊರೊನೇ. ಅವನಿಗೆ ತಾಯಿಯ ಬಗ್ಗೆ ಇದ್ದದ್ದು ಆ ಒಂದು ಕತೆ. ಅವಳು ಹೇಗೆ ಕೂತಳು, ಹೇಗೆ ನೀರು ಕುಡಿದಳು, ಯಾವ ಬಣ್ಣದ ಶಾಲು, ಇದನ್ನೆಲ್ಲ ಕಣ್ಣಾರೆ ಕಂಡವಳು ಭೂಮಿಯ ಮೇಲೆ ತೊಮಾಸಾ ಒಬ್ಬಳೇ.

ಜನ ನಕ್ಕಷ್ಟೂ ತೊಮಾಸಾಗೆ ಹುರುಪು. ವರ್ಷ ಕಳೆದಂತೆ ಮುದುಕಿಗೆ ಗಿಣಿಮೂಗು ಬಂತು, ಗಲ್ಲದಲ್ಲಿ ಗಡ್ಡದ ಕೂದಲು ಬಂತು, ಬೂಟಿನಿಂದ ಹೆಬ್ಬೆರಳು ಇಣುಕಿತು. ತೊಮಾಸಾ ಕುಂಟುತ್ತಾ ನಡೆದು ತೋರಿಸುತ್ತಿದ್ದಳು, ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ತೆಲೆಸ್ಫೊರೊ ಎಲ್ಲರ ಜೊತೆ ನಗುತ್ತಲೇ, ಕಾಳಿನಿಂದ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದ.

"ಶಾಲು ಕಪ್ಪು ಅಂದ್ಯಲ್ಲ ತೊಮಾಸಕ್ಕ, ಮೊದ್ಲು ಬೂದಿ ಬಣ್ಣ ಅಂದಿದ್ದೆ."

"ಹಾಂ, ಬೂದಿ ಬಣ್ಣಾನೇ. ನಿಂಗ್ಯಾಕೋ ಅದು, ಹೊಲಿಸ್ಕೋಬೇಕಾ?"

ಮತ್ತೆ ನಗು. ಒಂದು ವರ್ಷ ಲೆಯೊಕಾದಿಯಾ ತವರಿಗೆ ಬಂದಿದ್ದಳು. ಕತೆಯನ್ನು ಅವಳು ಕೇಳಿದ್ದು ಅದೇ ಮೊದಲು. ಇಸ್ಪೀಟೆಲೆಯ ಮಾತು ಬಂದಾಗ ಅಪ್ಪನ ಕೈ ತನಗೇ ತಿಳಿಯದೆ ಅಂಗಿಯ ಮೇಲೆ, ಆ ಚೀಲದ ಮೇಲೆ ಹೋಗಿತ್ತು. ಮಗಳು ಆ ಕೈ ನೋಡಿದಳು, ಮುಖ ನೋಡಿದಳು. ಅವನು ಬೇಡ ಎಂದು ಸಣ್ಣಗೆ ತಲೆಯಾಡಿಸಿದ. ಅವಳು ಚಾಕು ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಅಲ್ಲಿ ಅವನು ಹೋಗಿ ನಿಂತಾಗ, "ನಾನೇ ಅಲ್ವಾ ಅಪ್ಪ, ನಾನೇ," ಎಂದಷ್ಟೇ ಹೇಳಲು ಅವಳಿಗಾಯಿತು. ಅವನು ಅವಳ ಕೈಯ ಮಾಂಸದ ಜಿಡ್ಡನ್ನು ತನ್ನ ಕರವಸ್ತ್ರದಿಂದ ಒರೆಸಿದ.

ತೊಮಾಸಾ ಹಾಸಿಗೆ ಹಿಡಿದದ್ದು ಬಹಳ ವರ್ಷಗಳ ಮೇಲೆ. ಆಗ ತೆಲೆಸ್ಫೊರೊನೂ ಮುದುಕನೇ, ಬೆರಳು ಸೊಟ್ಟಗಾಗಿ ಹುಲ್ಲು ಹಿಡಿಯುತ್ತಿರಲಿಲ್ಲ. ದಿನಾ ಮಧ್ಯಾಹ್ನ ಬೆಳ್ಳುಳ್ಳಿ ಸಾರು ಮಾಡಿಕೊಂಡು ಬೀದಿ ದಾಟಿ ಹೋಗಿ ಅವಳಿಗೆ ಕುಡಿಸುತ್ತಿದ್ದ. ಬೇಕೋ ಬೇಡವೋ, ಕತೆ ಕೇಳುತ್ತಿದ್ದ. ಆ ದಿನ ಕಿಟಕಿಯಿಂದ ಒಳ್ಳೆ ಬಿಸಿಲು ಬಿದ್ದಿತ್ತು. ನಗಿಸಲು ಯಾರೂ ಇಲ್ಲ, ಅವಳಿಗೆ ಎದ್ದು ಕುಂಟುವ ಶಕ್ತಿಯೂ ಇಲ್ಲ. ಅದಕ್ಕೋ ಏನೋ ಗಿಣಿಮೂಗು, ಗಡ್ಡ ಯಾವುದೂ ಬರಲಿಲ್ಲ.

"ನೀರು ಪೂರ್ತಿ ಕುಡಿದ್ಲಾ ತೊಮಾಸಕ್ಕ?"

"ಪೂರ್ತಿ ಕುಡಿದ್ಲು. ಎಲೆ ಮತ್ತೆ ಗಂಟಲ್ಲಿ ಕಟ್ಕೊಂಡ್ಲು. ಕಟ್ಕೊಂಡು ಒಂದು ಮಾತು ಕೇಳಿದ್ಲು."

ತೆಲೆಸ್ಫೊರೊನ ಕೈಯಲ್ಲಿದ್ದ ಚಮಚ ನಿಂತಿತು. "ಏನು ಕೇಳಿದ್ಲು? ಇದನ್ನ ಯಾವತ್ತೂ ಹೇಳೇ ಇಲ್ವಲ್ಲ."

"ಹೇಳೋಕೇನಿದೆ, ಅದ್ರಲ್ಲಿ ನಗೋಂಥದ್ದು ಏನೂ ಇಲ್ಲ. ಆ ಬ್ರಿಹಿದಾ ಅವನನ್ನ ಚೆನ್ನಾಗಿ ನೋಡ್ಕೊಂಡ್ಲಾ ಅಂತ ಕೇಳಿದ್ಲು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ಲಮ್ಮ, ಯಾಕೆ, ನೋಡ್ಕೊಳ್ದೆ ಇರ್ತಾಳಾ ಅಂದೆ. ಹಸಿವಿಗೆ ಬಿಡಲಿಲ್ವಾ ಅಂದ್ಲು. ಇಲ್ಲ ಅಂದೆ. ಈಗ ಮಗಳ ಮದುವೆ ಇಟ್ಕೊಂಡಿದಾನೆ, ಹೆಣ್ಣು ದೊಡ್ಡ ಮನೆ ಸೇರ್ತಿದೆ ಅಂತಾನೂ ಹೇಳ್ದೆ, ಬೀಗಿತಿ ಕಿವಿಗೆ ಹೋಗ್ಲಿ ಅಂತ. ಹಾಗಾದ್ರೆ ನಾನು ಇಲ್ಲಿ ಜಾಸ್ತಿ ಹೊತ್ತು ಕೂರಬಾರದು ಅಂತ ಎದ್ಲು. ನಿನ್ನ ಚಾಪೆ ಹೊಕ್ಕುಳಿಗೆ ಮುತ್ತು ಕೊಟ್ಲು ಕಣೋ, ಬಗ್ಗಿ. ಹುಚ್ಚು ಮುದುಕಿ. ಹಿಂದಕ್ಕೂ ತಿರುಗಿ ನೋಡ್ದೆ ಹೋದ್ಲು."

ತೆಲೆಸ್ಫೊರೊ ಸಾರಿನ ಬಟ್ಟಲನ್ನು ಕೆಳಗಿಟ್ಟ. ಇಷ್ಟು ವರ್ಷ ಅವನು ತಿಳಿದದ್ದು ತಪ್ಪು. ಅವಳು ಸೋತು ಹೋದದ್ದಲ್ಲ. ಹೆತ್ತ ತಾಯಿ ಮಗನನ್ನು ಹಸಿವಿಗೆ ಬಿಟ್ಟಳಾ ಎಂದು ಯಾರೂ ಕೇಳುವುದಿಲ್ಲ. ತೊಮಾಸಾಳ ದೀಪದ ಕತೆ ಅವಳನ್ನು ಒಂದು ಗಳಿಗೆಯೂ ಮೋಸಗೊಳಿಸಿರಲಿಲ್ಲ. ಅವನು ಸಿಕ್ಕಿದ್ದ. ಸಿಕ್ಕಿದ ಮೇಲೆ, ಅವನ ಮಗಳ ಮದುವೆ ಕೆಡಬಾರದೆಂದು, ತನ್ನ ಕೈಯಿಂದ ಇನ್ನೊಂದು ಸಲ ಅವನನ್ನು ಬಿಟ್ಟು ಹೋಗಿದ್ದಳು. ಅದಕ್ಕೇ ಕೆಳಗಿನ ಊರುಗಳಲ್ಲಿ ಯಾರನ್ನೂ ಏನನ್ನೂ ಕೇಳಿರಲಿಲ್ಲ.

"ಏನೋ ಇದು, ಮುದುಕ ಆಗಿ ಅಳ್ತಿದೀಯಾ?" ಎಂದಳು ತೊಮಾಸಾ. "ನಗೋ ಕತೆ ಹೇಳಿದ್ರೆ ಅಳ್ತಾನೆ, ಇವನೊಬ್ಬ."

"ನಕ್ಕು ನಕ್ಕು ನೀರು ಬಂತು," ಎಂದ ಅವನು. ಹೊದಿಕೆಯನ್ನು ಅವಳ ಗಲ್ಲದ ತನಕ ಎಳೆದು ಸರಿಮಾಡಿದ. "ಮುತ್ತು ಕೊಟ್ಟಿದ್ದು ಇನ್ನೊಂದ್ಸಲ ಹೇಳು ತೊಮಾಸಕ್ಕ."